ಹೊರಗಿನ ಫ್ಯಾನಿಗೆ ಒಂದು ಕೈ

ಹೊಸ ಏಸಿ ಕೊಳ್ಳುವುದೆಂದರೆ ಶಾಲೆಯ ವ್ಯಾನು ಓಡಿಸುವ ಗಂಡನ ಮೂರು ತಿಂಗಳ ಸಂಬಳವನ್ನು ಹಾಗೇ ತೆಗೆದುಕೊಂಡು ಹೋಗಿ ಅಂಗಡಿಯವನ ಕೈಗೆ ಸುರಿದು ಬರಬೇಕು. ಹಳೆಯದನ್ನೇ ಬಿಚ್ಚಿಸಿ ದೊಡ್ಡ ರಿಪೇರಿ ಮಾಡಿಸಿದರೆ ಒಂದು ತಿಂಗಳದ್ದು. ರಿಪೇರಿಯವನು ಬರೀ ಮೆಟ್ಟಿಲು ಹತ್ತಿ ಬಂದು, ಸೊಂಟದ ಮೇಲೆ ಕೈಯಿಟ್ಟುಕೊಂಡು “ಹೂಂ” ಎಂದು ಇಳಿದುಹೋದರೂ ಒಂದು ವಾರದ ತರಕಾರಿ ದುಡ್ಡು ಹೋಯಿತೆಂದೇ ಲೆಕ್ಕ. ಏನೂ ಮಾಡಿಸದೆ ಸುಮ್ಮನಿದ್ದರೆ ಖರ್ಚೇ ಇಲ್ಲ. ಆದರೆ ಸಂಜೆಯ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಬೆಳೆದು ನಿಂತ ಅಣಬೆ ಅಷ್ಟೂ ಬೆಂದ ಬದನೆಕಾಯಿಯ ಹಾಗೆ ಜೋತುಬೀಳುತ್ತದೆ.

ತಾರಸಿಯ ಮೇಲೆ ಏಸಿಯ ಹೊರಗಿನ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅಣಬೆಯಕ್ಕ ಈ ಲೆಕ್ಕವನ್ನೆಲ್ಲ ಹಾಕಿ ಮುಗಿಸಿದ್ದಳು. ಪೆಟ್ಟಿಗೆಯೊಳಗಿಂದ ಗುಂಯ್ ಎನ್ನುವ ಸದ್ದು ಬರುತ್ತಿತ್ತು. ಜಾಲರಿಯ ಹಿಂದಿನ ಫ್ಯಾನು ಮಾತ್ರ, ಸಾಲ ಕೇಳಲು ಹೋದಾಗ ಮುಖ ತಿರುಗಿಸಿ ಕೂರುವ ಬಂಧುವಿನ ಹಾಗೆ, ಒಂದಿಷ್ಟೂ ಅಲ್ಲಾಡದೆ ನಿಂತಿತ್ತು.

ಬೀದಿಯವರು ಅವಳಿಗೆ ಅಣಬೆಯಕ್ಕ ಎಂದು ಹೆಸರಿಟ್ಟದ್ದು ಎರಡು ವರ್ಷದ ಈಚೆಗೆ. ಮೊದಮೊದಲು ಹಿಂದಿನ ಕೋಣೆಯಲ್ಲಿ ನಾಲ್ಕಾರು ಹುಲ್ಲಿನ ಚೀಲ ತೂಗುಹಾಕಿ ಚಿಪ್ಪಣಬೆ ಬೆಳೆದು, ಅಕ್ಕಪಕ್ಕದವರಿಗೆ ಮಾರುತ್ತಿದ್ದಳು. ಈಗ ಕೋಣೆಯ ತುಂಬ ಕಂಬಿ ಕಟ್ಟಿಸಿ ಮೂರು ಸಾಲು ಚೀಲ ಇಳಿಬಿಟ್ಟಿದ್ದಳು. ಬೇಸಿಗೆಯಲ್ಲೂ ಬೆಳೆ ನಿಲ್ಲಬಾರದೆಂದು ಯಾರೋ ಮನೆ ಖಾಲಿ ಮಾಡಿ ಹೋಗುವಾಗ ಮಾರಿದ ಏಸಿಯನ್ನು ತಂದು ಹಾಕಿಸಿದ್ದಳು. ಊರಿನ ದೊಡ್ಡ ಹೋಟೆಲಿನ ಮ್ಯಾನೇಜರ್ ಕಳೆದ ವಾರ ಬಂದು ಕೋಣೆ ನೋಡಿ, ಒಂದು ಅಣಬೆ ಮುರಿದು ಮೂಸಿ, “ಶುಕ್ರವಾರ ಸಂಜೆ ನಮ್ಮ ಗಾಡಿ ಕಳಿಸ್ತೀನಿ. ಹೇಳಿದ ತೂಕ ಕೊಟ್ರೆ ಆಮೇಲೆ ಪ್ರತಿ ಶುಕ್ರವಾರ ನಿಮ್ಮದೇ” ಎಂದು ಹೋಗಿದ್ದ.

ಇವತ್ತು ಶುಕ್ರವಾರ. ಬಿಸಿಲು ಆಗಲೇ ತಾರಸಿಯ ನೆಲವನ್ನು ಕಾಯಿಸುತ್ತಿತ್ತು.

ಅವಳು ತನಗೆ ಗೊತ್ತಿದ್ದುದನ್ನೆಲ್ಲ ಮಾಡಿ ನೋಡಿದ್ದಳು. ರಿಮೋಟಿನ ಸೆಲ್ಲು ಬದಲಿಸಿದಳು. ಮೇನ್ ಸ್ವಿಚ್ಚು ಆರಿಸಿ, ಇಪ್ಪತ್ತರ ಮಗ್ಗಿ ಹೇಳಿಕೊಂಡು, ಮತ್ತೆ ಹಾಕಿದಳು. ಒಳಗಿನ ಫಿಲ್ಟರು ಬಿಚ್ಚಿದಾಗ ಅಣಬೆಯ ಬೀಜದ ಪುಡಿ ಮೈದಾಹಿಟ್ಟಿನ ಹಾಗೆ ಉದುರಿತು. ಅದನ್ನು ಸೋಪು ಹಾಕಿ ತಿಕ್ಕಿ ತೊಳೆದು ಹಾಕಿದಳು. ಆಮೇಲೆ ತಾರಸಿಗೆ ಬಂದು ಜಾಲರಿಗೆ ಅಂಟಿದ ಒಣ ಎಲೆ, ಪಾರಿವಾಳದ ಪುಕ್ಕ, ಯಾರದೋ ಕಾಲುಚೀಲದ ದಾರ ಎಲ್ಲ ಕಿತ್ತು ತೆಗೆದಳು. ಒಳಗಿನ ಯಂತ್ರದಿಂದ ಗಾಳಿಯೇನೋ ಬರುತ್ತಿತ್ತು. ತಂಪು ಬರುತ್ತಿರಲಿಲ್ಲ. ಹೊರಗಿನ ಫ್ಯಾನು ತಿರುಗದಿದ್ದರೆ ಬಿಸಿ ಹೊರಗೆ ಹೋಗುವುದಿಲ್ಲ, ಬಿಸಿ ಹೋಗದಿದ್ದರೆ ತಂಪು ಹುಟ್ಟುವುದಿಲ್ಲ ಎನ್ನುವಷ್ಟು ಅವಳಿಗೂ ತಿಳಿದಿತ್ತು.

ಗಂಡನಿಗೆ ಫೋನು ಮಾಡಿದಳು. ಆ ಕಡೆ ಮಕ್ಕಳ ಗಲಾಟೆ, ಹಾರ್ನು.

“ರೀ, ಏಸಿ ಹೊರಗಿನ ಫ್ಯಾನು ತಿರುಗ್ತಿಲ್ಲ.”

“ನೀನು ಎಲ್ಲಿದ್ದೀಯ ಈಗ?”

“ಅದರ ಮುಂದೇನೇ ಕೂತಿದ್ದೀನಿ.”

“ಅಲ್ಲಿ ಯಾಕೆ ಬಿಸಿಲಲ್ಲಿ ಕೂರ್ತೀಯ? ಕೆಳಗೆ ಹೋಗು. ಅಪ್ಪ ನೋಡ್ಕೋತಾರೆ.”

“ಮಾವ ಏನ್ರೀ ನೋಡ್ತಾರೆ? ಅವರೇನು ಏಸಿ ಮೆಕ್ಯಾನಿಕ್ಕಾ?”

“ಕೆಳಗೆ ಹೋಗು ಅಂದ್ನಲ್ಲ. ಸ್ವಲ್ಪ ಹೊತ್ತಿಗೆ ತಾನಾಗೇ ಸರಿಹೋಗುತ್ತೆ.”

ತಾನಾಗೇ ಸರಿಹೋಗುತ್ತೆ! ಮದುವೆಯಾದಾಗಿನಿಂದ ಈ ಮನುಷ್ಯನ ಬಾಯಲ್ಲಿ ಕೇಳಿದ ಮಾತು ಅದೊಂದೇ. ಅವಳು ಫೋನನ್ನು ಸೆರಗಿನೊಳಗೆ ತುರುಕಿದಳು. ಅಷ್ಟರಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನಾದಿನಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಲ್ಲಿ ತಲೆ ತೋರಿಸಿದಳು.

“ಅತ್ತಿಗೆ, ಕಾಫಿ ಮಾಡಿಟ್ಟಿದ್ದೀನಿ. ಬಂದು ಕುಡೀರಿ, ಆರಿಹೋಗುತ್ತೆ.”

“ನನ್ನ ಬೆಳೆ ಹಾಳಾಗ್ತಿದೆ, ನಿನಗೆ ಕಾಫಿ ಚಿಂತೆ.”

“ಒಂದೈದು ನಿಮಿಷ ಬನ್ನಿ ಅತ್ತಿಗೆ. ನೀವು ಹೀಗೆ ದಿಟ್ಟಿಸಿಕೊಂಡು ಕೂತ್ರೆ ಅದಕ್ಕೂ ನಾಚಿಕೆ ಆಗಲ್ವಾ?”

“ತಮಾಷೆ ಸಾಕು. ನಿನಗೆ ಹೊತ್ತಾಗಲಿಲ್ವಾ ಕೆಲಸಕ್ಕೆ?”

ನಾದಿನಿ ಒಮ್ಮೆ ಪೆಟ್ಟಿಗೆಯನ್ನೂ ಒಮ್ಮೆ ಅತ್ತಿಗೆಯ ಮುಖವನ್ನೂ ನೋಡಿ ಇಳಿದುಹೋದಳು.

ಮಾವ ಒಬ್ಬರು ಬಾಕಿ. ಅವರು ತಾರಸಿಯ ಬಾಗಿಲಿಗೆ ಒರಗಿ ನಿಂತು ಅವಳನ್ನೂ ಆಕಾಶವನ್ನೂ ಸರದಿಯ ಮೇಲೆ ನೋಡುತ್ತಿದ್ದರು. ಎಪ್ಪತ್ತು ದಾಟಿದ ಮನುಷ್ಯ. ಹರೆಯವೆಲ್ಲ ಒಂದು ಅಚ್ಚುಕೂಟದಲ್ಲಿ ಕಳೆದವರು. “ಒಳಗೆ ಹೋಗಮ್ಮ, ತಲೆ ಸುತ್ತು ಬಂದೀತು” ಎಂದರು. ಅವಳು ಕೇಳಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಬಟ್ಟೆ ನಾನು ಒಣಹಾಕ್ತೀನಿ, ನೀನು ಹೋಗು” ಎಂದರು. ಜನ್ಮದಲ್ಲಿ ಒಂದು ಕರವಸ್ತ್ರವನ್ನೂ ಒಣಹಾಕದ ಮಾವ ಇವತ್ತು ಬಟ್ಟೆಗೆ ಕೈ ಹಾಕುತ್ತೇನೆಂದರೆ ಬಿಸಿಲು ಇವರ ತಲೆಗೇ ಏರಿದೆ ಎಂದುಕೊಂಡಳು.

ಕಂಪನಿಯ ನಂಬರಿಗೆ ಫೋನು ಮಾಡಿದರೆ ಒಂದು ಯಂತ್ರ ಮಾತಾಡಿತು. ಒಂದು ಒತ್ತಿ, ಎರಡು ಒತ್ತಿ, ಮೂರು ಒತ್ತಿ. ಒತ್ತಿ ಒತ್ತಿ ಕೊನೆಗೆ ಒಬ್ಬ ಹುಡುಗಿ ಸಿಕ್ಕಿ, “ಮೇಡಂ, ತಮ್ಮ ತೊಂದರೆಗೆ ವಿಷಾದಿಸುತ್ತೇವೆ, ಬುಧವಾರ ನಮ್ಮ ತಂತ್ರಜ್ಞರು ಬರುತ್ತಾರೆ” ಎಂದಳು. “ಬುಧವಾರ ಬಂದು ಏನಮ್ಮ ಮಾಡ್ತಾರೆ, ಗೊಬ್ಬರ ಹೊರ್ತಾರಾ?” ಎಂದು ಅಣಬೆಯಕ್ಕ ಕೇಳಿದಳು. ಹುಡುಗಿ ಮತ್ತೊಮ್ಮೆ ವಿಷಾದಿಸಿದಳು.

ಉಳಿದವನು ಏಸಿ ರಿಪೇರಿಯ ಬಂದೆ ಮೇಸ್ತ್ರಿ. ಯಾವಾಗ ಫೋನು ಮಾಡಿದರೂ “ಬಂದೆ, ಬಂದೆ, ತಿರುವಿನಲ್ಲೇ ಇದ್ದೀನಿ” ಎನ್ನುವುದರಿಂದ ಆ ಹೆಸರು. ಅವನ ತಿರುವು ಎಲ್ಲಿದೆ ಎಂದು ಇವತ್ತಿನವರೆಗೂ ಯಾರೂ ಕಂಡವರಿಲ್ಲ. ಅವತ್ತು ಮೂರು ಸಲ ತಿರುವಿನಲ್ಲಿದ್ದು, ಮಧ್ಯಾಹ್ನದ ಊಟದ ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತ ಬಂದ. ಬಂದವನೇ ಪೆಟ್ಟಿಗೆಗೆ ಕಿವಿಯಿಟ್ಟ, ತಲೆ ಅಲ್ಲಾಡಿಸಿದ, ಚೀಲದಲ್ಲಿ ಕೈಯಾಡಿಸಿದ.

“ಥೂ, ಮೀಟರನ್ನ ಹಿಂದಿನ ಮನೇಲೇ ಬಿಟ್ಟು ಬಂದಿದ್ದೀನಿ.”

“ಹಾಗಾದ್ರೆ ಹೇಗೆ ನೋಡ್ತೀರ?”

“ಅನುಭವ ಇದೆಯಲ್ಲಮ್ಮ. ಹೇಳಿ, ಮೊದಲೇನಾದ್ರೂ ಸೂಚನೆ ಕೊಟ್ಟಿತ್ತಾ? ನಿಧಾನ ತಿರುಗೋದು, ಶುರುವಾಗೋಕೆ ತಡವರಿಸೋದು, ಹಾಗೇನಾದ್ರೂ?”

“ಏನೂ ಇಲ್ಲಪ್ಪ. ನಿನ್ನೆವರೆಗೂ ಜುಮ್ ಅಂತ ತಿರುಗ್ತಿತ್ತು. ಒಂದು ದಿನ ತೊಂದರೆ ಕೊಟ್ಟಿದ್ದಿಲ್ಲ. ಅಲ್ವಾ ಮಾವ?”

ಮಾವ ಗಂಟಲು ಸರಿಮಾಡಿಕೊಂಡರು. “ತಿರುಗ್ತಿತ್ತು, ತಿರುಗ್ತಿತ್ತು” ಎಂದರು.

“ಒಂದೇ ಸಲಕ್ಕೆ ನಿಂತಿದೆ ಅಂದ್ರೆ ಬೋರ್ಡೇ ಹೋಗಿದೆ” ಎಂದು ಮೇಸ್ತ್ರಿ ತೀರ್ಪು ಕೊಟ್ಟ. “ಈ ಮಾಡೆಲ್ಲಿನ ಬೋರ್ಡು ಇಲ್ಲಿ ಸಿಗಲ್ಲ, ಹೊರಗಿಂದ ತರಿಸಬೇಕು. ಒಂದು ವಾರ ಹತ್ತು ದಿನ ಅಂತ ಇಟ್ಕೊಳ್ಳಿ.”

“ಸಂಜೆ ಗಾಡಿ ಬರುತ್ತಪ್ಪ!”

“ನಾನೇನಮ್ಮ ಮಾಡ್ಲಿ? ಬೋರ್ಡು ನನ್ನ ಜೇಬಲ್ಲಿ ಹುಟ್ಟುತ್ತಾ? ಅಲ್ಲಿವರೆಗೂ ಇದನ್ನ ಆಫ್ ಮಾಡಿಡಿ. ಫ್ಯಾನಿಲ್ಲದೆ ಓಡಿಸಿದ್ರೆ ಒಳಗಿನ ಕಂಪ್ರೆಸರೂ ಸುಟ್ಟುಹೋಗುತ್ತೆ.” ಹೀಗೆಂದು, ಬಂದ ಖರ್ಚು ಎಣಿಸಿಕೊಂಡು, ಇನ್ನೊಂದು ಮನೆಯ ತಿರುವಿಗೆ ಹೊರಟುಹೋದ.

ಅಣಬೆಯಕ್ಕ ಹಿಂದಿನ ಕೋಣೆಯ ಬಾಗಿಲು ತೆಗೆದಳು. ಬೆಳಗಿನ ಹೊತ್ತು ಮಳೆ ನಿಂತ ಕಾಡಿನ ವಾಸನೆ ಬರುತ್ತಿದ್ದ ಕೋಣೆಯಲ್ಲಿ ಈಗ ಒದ್ದೆ ಗೋಣಿಯ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಥರ್ಮಾಮೀಟರಿನ ಕೆಂಪು ಗೆರೆ ಅವಳು ಪೆನ್ನಿನಲ್ಲಿ ಗುರುತು ಹಾಕಿದ್ದ ಜಾಗವನ್ನು ದಾಟಿ ಮೇಲೆ ಹತ್ತಿತ್ತು. ಬಿಸಿ ಮೇಲಕ್ಕೇರುವುದರಿಂದ ಮೇಲಿನ ಸಾಲಿಗೇ ಮೊದಲ ಪೆಟ್ಟು. ಅಲ್ಲಿನ ಅಣಬೆಗಳ ಅಂಚು ಹಳದಿಗೆ ತಿರುಗಿ, ಹಪ್ಪಳ ಸುಟ್ಟಂತೆ ಮೇಲಕ್ಕೆ ಮುರುಟಿಕೊಳ್ಳತೊಡಗಿತ್ತು. ಟೇಬಲ್ ಫ್ಯಾನು ಹಾಕೋಣವೆಂದರೆ ಆ ಗಾಳಿಗೆ ಇನ್ನೂ ಬೇಗ ಒಣಗಿಹೋಗುತ್ತವೆ. ಗೋಣಿಚೀಲ ಒದ್ದೆ ಮಾಡಿ ಕಿಟಕಿಗೆ ಕಟ್ಟಿದಳು, ನೆಲಕ್ಕೆ ನೀರು ಚೆಲ್ಲಿದಳು, ಚೀಲಗಳ ಮೇಲೆ ಮಂಜಿನ ಹಾಗೆ ನೀರು ಸಿಂಪಡಿಸಿದಳು. ಗೋಣಿಚೀಲ ಸಾಲದೆ, ತಾರಸಿಯ ಮೇಲೆ ಇನ್ನೆರಡು ಇವೆಯಲ್ಲ ಎಂದು ನೆನಪಾಗಿ ಮೆಟ್ಟಿಲು ಹತ್ತಿದಳು.

ಅಲ್ಲಿ ಕಂಡದ್ದು ಹೀಗೆ. ಮೇಸ್ತ್ರಿ ಹೇಳಿದಂತೆ ಅವಳು ಆರಿಸಿದ್ದ ಏಸಿಯನ್ನು ಮತ್ತೆ ಹಾಕಿ, ಮಾವ ಪೆಟ್ಟಿಗೆಯ ಮುಂದೆ ಬಗ್ಗಿದ್ದರು. ಕೈಯಲ್ಲಿ ಬಟ್ಟೆ ಒಣಹಾಕುವ ಕೋಲು. ಅದರ ತುದಿಯನ್ನು ಜಾಲರಿಯ ಸಂದಿಯಲ್ಲಿ ತೂರಿಸಿ ಫ್ಯಾನಿನ ರೆಕ್ಕೆಯನ್ನು ಮೆಲ್ಲಗೆ ಒಂದು ಸುತ್ತು ನೂಕಿದರು. “ಹೂಂ, ನಡಿ ಕಂದ” ಎಂದರು. ಫ್ಯಾನು ಒಂದು ಸುತ್ತು ಹೋಯಿತು, ಇನ್ನೊಂದು ಸುತ್ತು ಹೋಯಿತು, ಆಮೇಲೆ ಭರ್ ಎಂದು ತಿರುಗತೊಡಗಿತು.

ಅಣಬೆಯಕ್ಕನಿಗೆ ಮೊದಲು ಜೀವ ಬಂದಂತಾಯಿತು. ಅದರ ಹಿಂದೆಯೇ ಮೈಯೆಲ್ಲ ಉರಿದುಹೋಯಿತು.

“ಮಾವ! ಇದೇನಿದು?”

ಮಾವ ಕೋಲನ್ನು ಬೆನ್ನ ಹಿಂದೆ ಮುಚ್ಚಿಟ್ಟರು. ಅವರಿಗಿಂತ ಕೋಲೇ ಎತ್ತರವಿತ್ತು.

“ಏನಿಲ್ಲಮ್ಮ. ಒಂದು ಕೈ ಕೊಟ್ಟೆ ಅಷ್ಟೆ.”

“ಒಂದು ಕೈ ಕೊಟ್ರೆ ತಿರುಗುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?”

“ದಿನಾ ಹೀಗೇ ಅಲ್ವೇನಮ್ಮ ತಿರುಗೋದು?” ಎಂದರು ಮಾವ, ನಿಜವಾಗಿಯೂ ಆಶ್ಚರ್ಯದಿಂದ. “ನಮ್ಮ ಅಚ್ಚಿನ ಯಂತ್ರದ ಚಕ್ರಾನೂ ಹಾಗೇ ಇತ್ತು. ಮೊದಲ ಸುತ್ತು ಮನುಷ್ಯ ಕೊಡಬೇಕು, ಆಮೇಲೆ ಅದರ ಪಾಡಿಗೆ ಅದು ಹೋಗುತ್ತೆ. ಮೂವತ್ತು ವರ್ಷ ಹಾಗೇ ಓಡಿಸಿದ್ದೀನಿ. ಅದಕ್ಕೆ ಯಾರಾದ್ರೂ ರಿಪೇರಿ ಅಂತಾರಾ?”

“ಹಾಗಾದ್ರೆ ಬೆಳಗ್ಗೇನೇ ಯಾಕೆ ಕೊಡಲಿಲ್ಲ ನಿಮ್ಮ ಕೈ?”

“ನೀನು ಜಾಗ ಬಿಟ್ಟು ಕದಲಲೇ ಇಲ್ಲವಲ್ಲಮ್ಮ! ಎಷ್ಟು ಸಲ ಹೇಳಿದೆ, ಒಳಗೆ ಹೋಗು, ಒಳಗೆ ಹೋಗು ಅಂತ.”

ಅವಳು ನೆತ್ತಿಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತಳು. “ಎಷ್ಟು ದಿನದಿಂದ ನಡೀತಿದೆ ಇದು?”

“ಬೇಸಿಗೆ ಶುರುವಾದಾಗಿಂದ. ಒಳಗೆ ತಂಪಾದಾಗ ಇದು ನಿಲ್ಲುತ್ತೆ. ಮತ್ತೆ ಶುರುವಾಗುವಾಗ ಒಂದು ಕೈ ಬೇಕು. ರಾತ್ರಿ ನಾನು ಎದ್ದು ಬಂದು ನೋಡ್ಕೊಂಡು ಹೋಗ್ತೀನಿ.”

“ರಾತ್ರಿ ನೀವು ಏಳೋದು ಇದಕ್ಕಾ? ನಾನು ಸಕ್ಕರೆ ಕಾಯಿಲೆ ಇರಬೇಕು ಅಂದ್ಕೊಂಡು ನಿಮ್ಮ ಕಾಫಿಗೆ ಸಕ್ಕರೆ ಹಾಕೋದೇ ನಿಲ್ಲಿಸಿದ್ದೀನಲ್ಲ ಮಾವ!”

“ಅದಕ್ಕೇನಾ?” ಎಂದರು ಮಾವ ನೋವಿನಿಂದ. “ನಾನು ಸಕ್ಕರೆ ರೇಟು ಜಾಸ್ತಿಯಾಗಿರಬೇಕು ಅಂದ್ಕೊಂಡಿದ್ದೆ.”

ನಗುವುದೋ ಅಳುವುದೋ ತಿಳಿಯದೆ ಅಣಬೆಯಕ್ಕ ಮೇಸ್ತ್ರಿಗೆ ಫೋನು ಹಚ್ಚಿದಳು. ಕೋಲಿನ ಸಂಗತಿ ಕೇಳಿದ್ದೇ ಆ ಕಡೆಯಿಂದ ಮೇಸ್ತ್ರಿ ಕೂಗಿಕೊಂಡ.

“ಅಮ್ಮಾ, ಇದನ್ನ ಮೊದಲೇ ಹೇಳಬಾರದಾ? ನೂಕಿದ್ರೆ ತಿರುಗುತ್ತೆ ಅಂದ್ರೆ ಅದು ಬೋರ್ಡಲ್ಲ, ಕೆಪಾಸಿಟರು! ಫ್ಯಾನಿಗೆ ಮೊದಲ ದಮ್ಮು ಕೊಡೋ ಡಬ್ಬಿ ಅದು, ಹೆಬ್ಬೆರಳ ಗಾತ್ರದ್ದು. ನನ್ನ ಚೀಲದಲ್ಲೇ ಎರಡು ಬಿದ್ದಿದೆ. ಹತ್ತು ನಿಮಿಷದ ಕೆಲಸ!”

“ಹಾಗಾದ್ರೆ ವಾಪಸ್ ಬನ್ನಿ.”

“ಈಗ ಊರಿನ ಆ ತುದೀಲಿ ಒಂದು ಮೆಷಿನ್ ಪೂರ್ತಿ ಬಿಚ್ಚಿ ಹರವಿದ್ದೀನಿ. ಮುಗಿಸ್ಕೊಂಡು ಸಂಜೆ ಬರ್ತೀನಿ. ಮತ್ತೆ, ಆ ಕೋಲು ಹಾಕೋದು ನಿಲ್ಲಿಸಿ. ಕರೆಂಟಿರೋ ಯಂತ್ರ ಅದು. ಕೋಲು ಸಿಕ್ಕಿಕೊಂಡು ರೆಕ್ಕೆ ಮುರಿದ್ರೆ ಮುಖಕ್ಕೇ ಹಾರುತ್ತೆ.”

ಮಾವ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡರು. ಕೋಲನ್ನು ಗೋಡೆಗೆ ಒರಗಿಸಿದರು. ಅಷ್ಟರಲ್ಲಿ ಕಾದು ಕೆಂಡವಾಗಿದ್ದ ಪೆಟ್ಟಿಗೆ ತಾನಾಗೇ ಕಟ್ಟೆಂದು ನಿಂತಿತು, ಅದರ ಜೊತೆಗೆ ಫ್ಯಾನೂ ನಿಂತಿತು.

ಗಂಡ ಎರಡು ಟ್ರಿಪ್ಪುಗಳ ನಡುವಿನ ಬಿಡುವಿನಲ್ಲಿ ಮನೆಗೆ ಬಂದಾಗ ಅಂಗಳದಲ್ಲಿ ಚಪ್ಪಲಿ ಬಿಡುವ ಮೊದಲೇ ಸಿಕ್ಕಿಬಿದ್ದ.

“ನಿಮಗೂ ಗೊತ್ತಿತ್ತಾ ಕೋಲಿನ ವಿಷಯ?”

ಅವನು ಅಪ್ಪನ ಮುಖ ನೋಡಿದ. ಅಪ್ಪ ಆಕಾಶ ನೋಡಿದರು.

“ಬೆಳಗ್ಗೆ ವ್ಯಾನು ತೊಳೆಯೋಕೆ ಮೊದಲು ನಾನೊಂದು ಸಲ ನೂಕಿ ಹೋಗ್ತಿದ್ದೆ” ಎಂದ. “ಅಪ್ಪಂಗೆ ಗೊತ್ತಿದೆ ಅಂತ ನನಗೆ ಗೊತ್ತಿರಲಿಲ್ಲ. ಕೆಲಸಕ್ಕೆ ಹೊರಡೋ ಮುಂಚೆ ತಂಗೀನೂ ನೂಕ್ತಿದ್ಳು ಅನ್ಸುತ್ತೆ. ಒಂದು ದಿನ ಕೋಲು ಹಿಡ್ಕೊಂಡು ನಿಂತಿದ್ಳು, ಕೇಳಿದ್ರೆ ಜೇಡರ ಬಲೆ ಅಂದ್ಳು.”

“ಅಂದ್ರೆ ಈ ಮನೇಲಿ ನನ್ನೊಬ್ಬಳನ್ನ ಬಿಟ್ಟು ಎಲ್ಲರೂ ಕೋಲು ಹಿಡಿದವರೇ! ಒಬ್ಬರಿಗಾದ್ರೂ ನನಗೆ ಹೇಳಬೇಕು ಅನ್ನಿಸಲಿಲ್ವಾ? ನಾನೇನು ಹುಲಿನಾ?”

ಗಂಡ ಮೆಲ್ಲಗೆ, ಎಲ್ಲಿ ಕಾಲಿಡುವುದೆಂದು ನೋಡಿಕೊಂಡು ಇಡುವವನ ಹಾಗೆ ಹೇಳಿದ. “ಬಟ್ಟೆ ಮೆಷಿನ್ ರಿಪೇರಿ ಆದ ದಿನ ನೀನೇ ಹೇಳಿದ್ದಲ್ವಾ? ‘ಇನ್ಮೇಲೆ ಈ ಮನೇಲಿ ಯಾರಾದ್ರೂ ಅದು ಕೆಟ್ಟಿದೆ ಇದು ಕೆಟ್ಟಿದೆ ಅಂತ ನನ್ನ ಮುಂದೆ ಬಂದ್ರೆ, ಸಾಮಾನಿನ ಜೊತೆ ಅವರನ್ನೂ ಗುಜರಿಗೆ ಹಾಕ್ತೀನಿ’ ಅಂತ. ಎರಡು ದಿನ ಯಾರ ಹತ್ರಾನೂ ಮಾತಾಡಲಿಲ್ಲ ನೀನು.”

“ಅದು ಸಿಟ್ಟಿನಲ್ಲಿ ಅಂದ ಮಾತು!”

“ನಾವು ಸಿಟ್ಟಿಗೇ ತಾನೇ ಹೆದರೋದು?” ಎಂದರು ಮಾವ, ಆಕಾಶವನ್ನು ಬಿಡದೆ.

ಅವಳ ಬಾಯಿಗೆ ಉತ್ತರ ಬಂದಿತ್ತು. ಒಂದಲ್ಲ, ನಾಲ್ಕು ಬಂದಿದ್ದವು, ಒಂದಕ್ಕಿಂತ ಒಂದು ಖಾರ. ಆದರೆ ಜಗಳಕ್ಕೆ ಕೊಡುವಷ್ಟು ಹೊತ್ತು ಅವಳ ಕೈಯಲ್ಲಿರಲಿಲ್ಲ. ಸಂಜೆಯವರೆಗೆ ಬಿಟ್ಟರೆ ಮೇಲಿನ ಸಾಲಿನ ಜೊತೆಗೆ ನಡುವಿನ ಸಾಲೂ ಹೋಗುತ್ತದೆ. ಈಗಲೇ ಕಿತ್ತರೆ ಇನ್ನೂ ಪೂರ್ತಿ ಬಲಿಯದ ಅಣಬೆ, ತೂಕ ಬರುವುದಿಲ್ಲ. ಆದರೆ ಮಾಲು ಮಾಲಾಗಿಯಾದರೂ ಇರುತ್ತದೆ.

“ಕೈ ತೊಳ್ಕೊಂಡು ಬನ್ನಿ, ಇಬ್ಬರೂ” ಎಂದಳು.

ಮೂವರೂ ಕೋಣೆ ಹೊಕ್ಕರು. ಗೊಂಚಲಿನ ಬುಡ ಹಿಡಿದು ಒಂದೇ ಸಲ ತಿರುಚಿ ತೆಗೆಯಬೇಕು, ಎಳೆದರೆ ಚೀಲದ ಹುಲ್ಲೂ ಕಿತ್ತು ಬರುತ್ತದೆ ಎಂದು ತೋರಿಸಿಕೊಟ್ಟಳು. ಗಂಡ ಮೊದಲ ಗೊಂಚಲನ್ನು ಗೇರು ಬದಲಿಸುವ ಹಾಗೆ ಎಳೆದು ಬೈಸಿಕೊಂಡ. ಮಾವನ ಬೆರಳುಗಳು ಮಾತ್ರ ಅಚ್ಚುಕೂಟದಲ್ಲಿ ಸೀಸದ ಅಕ್ಷರ ಜೋಡಿಸಿ ಪಳಗಿದಂಥವು, ಒಂದು ಅಂಚೂ ಮುರಿಯದಂತೆ ಬಿಡಿಸಿ ಬುಟ್ಟಿಯಲ್ಲಿ ಸಾಲಾಗಿ ಮಲಗಿಸಿದವು. ಅಪ್ಪ ಮಗ ಇಬ್ಬರೂ ಬೆವರು ಸುರಿಸುತ್ತ, ಆಗೀಗ ಅವಳ ಕಡೆ ಕಳ್ಳ ನೋಟ ಹಾಯಿಸುತ್ತ ಕೆಲಸ ಮಾಡಿದರು. ಫ್ರಿಜ್ಜಿನಲ್ಲಿದ್ದುದನ್ನೆಲ್ಲ ತೆಗೆದು ಹೊರಗಿಟ್ಟು, ಅಣಬೆಯ ಬುಟ್ಟಿಗಳನ್ನು ಒಳಗೆ ತುರುಕಿದರು. ಮೇಲಿನ ಸಾಲಿನದು ಅರ್ಧಕ್ಕರ್ಧ ಬುಟ್ಟಿಗೆ ಹಾಕುವಂತಿರಲಿಲ್ಲ. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು.

ಬುಟ್ಟಿಗಳನ್ನು ತೂಗಿ ನೋಡಿ, ಅವಳೇ ಮ್ಯಾನೇಜರಿಗೆ ಫೋನು ಮಾಡಿದಳು. ಗಂಡ ಪಕ್ಕದಿಂದ, “ಕರೆಂಟು ಹೋಗಿತ್ತು ಅನ್ನು” ಎಂದು ಪಿಸುಗುಟ್ಟಿದ. ಅವಳು ಅವನತ್ತ ನೋಡಿದ ನೋಟಕ್ಕೆ ಅವನು ಎರಡು ಹೆಜ್ಜೆ ಹಿಂದೆ ಸರಿದ.

“ಸರ್, ನನ್ನ ಏಸಿ ಕೆಟ್ಟಿತು. ನೀವು ಹೇಳಿದ ತೂಕ ಇಲ್ಲ, ಅರ್ಧಕ್ಕೆ ಸ್ವಲ್ಪ ಜಾಸ್ತಿ ಇದೆ ಅಷ್ಟೆ. ಇರೋದು ಒಳ್ಳೆ ಮಾಲು. ಗಾಡಿ ಕಳಿಸೋ ಮೊದಲು ನಿಮಗೆ ಗೊತ್ತಿರಲಿ ಅಂತ ಹೇಳಿದೆ.”

ಆ ಕಡೆ ಮ್ಯಾನೇಜರ್ ನಾಲಿಗೆ ಲೊಚಗುಟ್ಟಿದ್ದು ಕೇಳಿಸಿತು. “ಇರೋದನ್ನ ತಗೊಳ್ತೀನಿ. ಈಗಲೇ ಹೇಳಿದ್ದು ಒಳ್ಳೇದಾಯ್ತು, ಉಳಿದದ್ದಕ್ಕೆ ಬೇರೆ ಕಡೆ ಕೇಳೋಕೆ ಹೊತ್ತು ಸಿಕ್ತು. ಆದರೆ ನೋಡಿಯಮ್ಮ, ನನ್ನ ಅಡುಗೆಮನೆ ನಿಮ್ಮ ಏಸಿ ನಂಬ್ಕೊಂಡು ನಡೆಯೋಕಾಗಲ್ಲ. ವಾರವಾರದ್ದು ಆ ಬೇರೆಯವರಿಗೇ ಕೊಡ್ತೀನಿ. ಅವರು ತಪ್ಪಿಸಿದ ದಿನ ನಿಮಗೆ ಫೋನ್ ಮಾಡ್ತೀನಿ.”

ಗಾಡಿ ಹೇಳಿದ ಹೊತ್ತಿಗೆ ಬಂತು. ಬುಟ್ಟಿಗಳು ಹೋದವು. ಅದು ಬೀದಿ ದಾಟುವಷ್ಟರಲ್ಲಿ ಬಂದೆ ಮೇಸ್ತ್ರಿ ಬಂದ. ಮೇನ್ ಸ್ವಿಚ್ಚು ತೆಗೆಸಿ, ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ಹೊಟ್ಟೆ ಉಬ್ಬಿದ್ದ ಹಳೆಯ ಕೆಪಾಸಿಟರನ್ನು ಕಿತ್ತು ಹೊಸದನ್ನು ಸಿಕ್ಕಿಸಿದ. ಸ್ವಿಚ್ಚು ಹಾಕಿದರೆ ಫ್ಯಾನು ಯಾರ ಕೈಯನ್ನೂ ಕೇಳದೆ ತಾನೇ ತಿರುಗಿತು. ನಾಲ್ಕು ಜನ ಸುತ್ತ ನಿಂತು ಅದನ್ನು ನೋಡಿದರು. ಕೆಲಸದಿಂದ ಆಗಷ್ಟೇ ಬಂದಿದ್ದ ನಾದಿನಿ, “ಅತ್ತಿಗೆ, ನಿಮಗೆ ಗೊತ್ತಿದ್ದೂ ಸುಮ್ಮನಿದ್ದೀರ ಅಂದ್ಕೊಂಡಿದ್ದೆ. ದೇವರಾಣೆ” ಎಂದಳು.

“ಜೇಡರ ಬಲೆ ತೆಗೆದು ಆಯ್ತಾ?” ಎಂದಳು ಅಣಬೆಯಕ್ಕ. ನಾದಿನಿ ಅಣ್ಣನನ್ನು ಸುಟ್ಟುಬಿಡುವ ಹಾಗೆ ನೋಡಿದಳು.

ಮಾರನೆಯ ಬೆಳಿಗ್ಗೆ ಕಾಫಿಯ ಹೊತ್ತಿಗೆ ಅವಳು ಎಲ್ಲರನ್ನೂ ಕೂರಿಸಿಕೊಂಡಳು. ಮಾವನ ಲೋಟಕ್ಕೆ ಎರಡು ಚಮಚ ಸಕ್ಕರೆ ಹಾಕಿದಳು.

“ಇನ್ನೇನೇನು ಕೆಟ್ಟಿದೆ ಹೇಳಿಬಿಡಿ. ಗುಜರಿಗೆ ಯಾರನ್ನೂ ಹಾಕಲ್ಲ.”

ಮೊದಲು ನಾದಿನಿ ಧೈರ್ಯ ಮಾಡಿ, ಗೀಸರಿನ ಸ್ವಿಚ್ಚು ಮುಟ್ಟಿದರೆ ಚುರ್ ಅನ್ನುತ್ತದೆ ಎಂದಳು. ಗಂಡ, ಗ್ಯಾಸಿನ ಪೈಪು ಒಂದು ಕಡೆ ಬಿರುಕು ಬಿಟ್ಟಿದೆ, ತಾನು ಟೇಪು ಸುತ್ತಿದ್ದೇನೆ ಎಂದ. ಮಾವ, ತಮ್ಮ ಮಂಚದ ಒಂದು ಕಾಲು ಆರು ತಿಂಗಳಿಂದ ಬರೀ ಇಟ್ಟಿಗೆಯ ಮೇಲೆ ನಿಂತಿದೆ ಎಂದರು. ಕೇಳುತ್ತ ಕೇಳುತ್ತ ಅಣಬೆಯಕ್ಕನ ಕಿವಿ ಬಿಸಿಯಾಯಿತು, ಹಲ್ಲು ತಾನಾಗೇ ಕಚ್ಚಿಕೊಂಡಿತು. ಗ್ಯಾಸಿನ ಪೈಪಿನ ಮಾತು ಬಂದಾಗ ಒಂದು ಸಲ “ಅಯ್ಯೋ ನಿಮ್ಮ…” ಎಂದು ಶುರುವಾದದ್ದನ್ನು ಕಾಫಿಯ ಜೊತೆ ನುಂಗಿಕೊಂಡು, ಎದ್ದು ಹೋಗಿ ಸಿಲಿಂಡರಿನ ತಿರುಪು ಮುಚ್ಚಿ ಬಂದಳು.

ಪ್ರತಿ ಶುಕ್ರವಾರದ ಹೋಟೆಲಿನ ವ್ಯಾಪಾರ ಕೈಬಿಟ್ಟುಹೋಯಿತು, ಅದು ಮತ್ತೆ ಬರಲಿಲ್ಲ. ಮೇಲಿನ ಸಾಲಿನ ಬೆಳೆಯಲ್ಲಿ ಅರ್ಧ ಗೊಬ್ಬರದ ಗುಂಡಿಗೆ ಹೋಯಿತು. ಏಸಿ ಉಳಿಯಿತು, ಕೆಳಗಿನ ಎರಡು ಸಾಲು ಉಳಿಯಿತು, ಮಾವ ರಾತ್ರಿ ಪೂರ್ತಿ ನಿದ್ದೆ ಮಾಡಿದರು. ಆ ಕಾಫಿಯ ದಿನವೇ ಮಧ್ಯಾಹ್ನ ಗ್ಯಾಸಿನ ಪೈಪು ಬದಲಾಯಿತು.